ಕಾಡುಗೆಣಸಿನ ಸುವರ್ಣಮ್ಮ

ಭದ್ರಾವತಿಯ ಹಳೇನಗರದಲ್ಲಿ ಬ್ಲೌಸ್ ಹೊಲಿಯುವ ಸುವರ್ಣಮ್ಮನಿಗೆ ಬೇಲಿ ಕಂಡರೆ ಕಾಲು ನಿಲ್ಲುತ್ತದೆ. ಹೊಸದುರ್ಗದ ಬಯಲಿನಿಂದ ಸೊಸೆಯಾಗಿ ಬಂದಾಗ ಆಕೆಗೆ ಬಳ್ಳಿಯೆಂದರೆ ಕುಂಬಳ, ಸೋರೆ, ಅಷ್ಟೇ. ಅತ್ತೆ ನಂಜಮ್ಮ ಗಾಜನೂರಿನ ತವರಿಗೆ ಹೋದಾಗಲೆಲ್ಲ ಸೊಸೆಯನ್ನೂ ಕರೆದೊಯ್ದು, ಮಾಡಹಾಗಲ, ಕಾಡುಗೆಣಸುಗಳ ಬಳ್ಳಿಯನ್ನು ಮುಟ್ಟಿಸಿ ಮುಟ್ಟಿಸಿ ಗುರುತು ಕಲಿಸಿದ್ದರು. ಅತ್ತೆ ತೀರಿಕೊಂಡ ಮೇಲೂ ಚೀಲ ಹಿಡಿದು ಹೊರಡುವ ರೂಢಿ ಬಿಟ್ಟುಹೋಗಲಿಲ್ಲ.

ಕಳೆದ ದೀಪಾವಳಿ ಮುಗಿದ ವಾರ, ಪಕ್ಕದ ಮನೆಯ ವಾಣಿ ಒಂದು ಚೀಲ ಗೆಡ್ಡೆ ತಂದು ಜಗುಲಿಯ ಮೇಲೆ ಸುರಿದಳು. ಅವಳು ಮಾಚೇನಹಳ್ಳಿಯ ವರ್ಕ್‌ಶಾಪೊಂದರಲ್ಲಿ ಕೆಲಸಕ್ಕಿದ್ದಾಳೆ. ಅಲ್ಲಿ ಹಿತ್ತಲ ಬೇಲಿ ಸವರುವಾಗ ಸಿಕ್ಕಿದವಂತೆ.

“ಆಂಟಿ, ನೀವು ಹೇಳ್ತಿದ್ರಲ್ಲ ಕಾಡುಗೆಣಸು! ಇವತ್ತೇ ಬೇಯಿಸ್ತೀನಿ.”

ಸುವರ್ಣಮ್ಮನ ಬಾಯಲ್ಲೂ ನೀರೂರಿತು. ಆದರೆ ಮಣ್ಣು ಮೆತ್ತಿದ, ಗುದ್ದಲಿಗೆ ಸಿಕ್ಕಿ ತುಂಡಾದ ಗೆಡ್ಡೆಗಳನ್ನು ಎಷ್ಟು ಹೊರಳಿಸಿದರೂ ಖಾತ್ರಿಯಾಗಲಿಲ್ಲ.

“ಬಳ್ಳಿ ಎಲ್ಲೇ?”

“ಅಲ್ಲೇ ಬಿಸಾಕಿದ್ವಿ.”

“ಹಂಗಾದ್ರೆ ಒಲೆ ಹಚ್ಚಬೇಡ ಮಾರಾಯ್ತಿ. ಬರೀ ಗೆಡ್ಡೆ ನೋಡಿ ಹೇಳೋಕೆ ನಂಗೆ ಬರಲ್ಲ. ನಡಿ, ಹೋಗಿ ನೋಡೋಣ.”

ವಾಣಿಯ ಸ್ಕೂಟಿ ಹತ್ತಿ ಇಬ್ಬರೂ ಹೋದರು. ಸವರದೆ ಉಳಿದಿದ್ದ ಬೇಲಿಯ ಒಂದೇ ಮರಕ್ಕೆ ಎರಡು ಬಗೆಯ ಬಳ್ಳಿ ಹಬ್ಬಿದ್ದವು. ಒಂದರ ಎಲೆ ವೀಳ್ಯದೆಲೆಯಂತೆ ಅಗಲ, ನರಗಳೆಲ್ಲ ತೊಟ್ಟಿನಿಂದಲೇ ಹೊರಟಿದ್ದವು, ಅದು ಕಾಡುಗೆಣಸು. ಇನ್ನೊಂದರ ಎಲೆ ನೀಳ, ಅದರ ತುದಿಯೇ ಎಳೆಯಾಗಿ ಸುರುಳಿ ಸುತ್ತಿ ಕಡ್ಡಿ ಹಿಡಿದಿತ್ತು.

“ಗೌರಿಹೂವಿನ ಬಳ್ಳಿ ಕಣೇ ಇದು. ಹೂವು ದೇವರಿಗೆ ಸರಿ, ಗೆಡ್ಡೆ ತಿಂದ್ರೆ ಜೀವ ಹೋಗುತ್ತೆ.”

ವಾಣಿ ಬಳ್ಳಿಯಿಂದ ಹಿಂದೆ ಸರಿದಳು. “ಚೀಲದಲ್ಲಿ ಎರಡೂ ಬೆರೆತಿರುತ್ತೆ. ಒಳ್ಳೇದನ್ನ ಆರಿಸ್ಕೊಳ್ಳೋಣ್ವಾ?”

“ಬೇಡ. ಒಂದು ಚೂರು ಕಣ್ತಪ್ಪಿದ್ರೂ ಕೆಟ್ವಿ.”

ಮನೆಗೆ ಮರಳಿದ ಮೇಲೆ ಇಡೀ ಚೀಲವನ್ನು ಆಳವಾಗಿ ಹೂಳುವುದೆಂದು ಅಲ್ಲೇ ತೀರ್ಮಾನವಾಯಿತು. ಆದರೆ ಸುವರ್ಣಮ್ಮ ಬರಿಗೈಯಲ್ಲಿ ಹೊರಡಲಿಲ್ಲ. ಅಗಲ ಎಲೆಯ ಬಳ್ಳಿಯೊಂದನ್ನು ಇನ್ನೂ ಯಾರೂ ಬುಡದಿಂದ ಕಿತ್ತಿರಲಿಲ್ಲ. ಅದನ್ನು ಕೈಬಿಡದೆ ಹಿಡಿದು, ಮಣ್ಣು ಕೆದರುತ್ತ ಬುಡದವರೆಗೆ ಇಳಿದು, ಬಳ್ಳಿಗೆ ಅಂಟಿಕೊಂಡೇ ಇದ್ದ ದಪ್ಪ ಗೆಣಸನ್ನು ಎಬ್ಬಿಸಿದಳು.

ಸಂಜೆ ಅದರ ಕೆಳಭಾಗ ಚೆನ್ನಾಗಿ ಬೆಂದು, ಬೆಲ್ಲ ಕಾಯಿತುರಿಯೊಂದಿಗೆ ಎರಡು ಮನೆಗೂ ಹಂಚಿಕೆಯಾಯಿತು. ಮೊಳಕೆಯ ತಲೆಭಾಗ ವಾಣಿಯ ತಾರಸಿಯ ಡ್ರಮ್ಮಿಗೆ ಹೋಯಿತು. ಈ ಮಳೆಗಾಲ ಅದು ನೀರಿನ ಟ್ಯಾಂಕು ಸುತ್ತಿ, ಬಟ್ಟೆ ಒಣಹಾಕುವ ತಂತಿಗೂ ಹಬ್ಬಿದೆ. “ಸೀರೆ ಹರವೋಕೆ ಜಾಗ ಇಲ್ಲ” ಎಂದು ವಾಣಿ ಗೊಣಗುತ್ತಾಳೆ, ಬಳ್ಳಿಯನ್ನು ಮಾತ್ರ ಕತ್ತರಿಸುವುದಿಲ್ಲ.