ಅಕ್ಕಿಯಲ್ಲಿ ಬರೆದ ಹೆಸರು

ಮೊನ್ನೆ ಆಧಾರ್ ಕಾರ್ಡಿಗೆ ಲ್ಯಾಮಿನೇಷನ್ ಮಾಡಿಸಲು ಹೋಗಿದ್ದೆ. ಇದು ಮೂರನೆಯ ಸಲ. ಹಳೆಯದರ ಮೂಲೆ ಕೂದಲೆಳೆಯಷ್ಟು ಬಿಟ್ಟಿತ್ತು, ನೀರು ಹೊಕ್ಕರೆ ಗತಿಯೇನು ಎಂದು ಎರಡು ದಿನ ಸರಿಯಾಗಿ ಉಂಡಿರಲಿಲ್ಲ. ಯಂತ್ರ ಕಾದು ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಟಿಕೆಟ್ ಕಾಕಾನ ಅಂಗಡಿ ಕಣ್ಣ ಮುಂದೆ ಬಂತು...

ಕೊಪ್ಪಳದ ಬಸ್ ನಿಲ್ದಾಣದ ಹತ್ತಿರ ಎರಡು ಕುರ್ಚಿ ಹಿಡಿಸುವ ಅಂಗಡಿ ಅದು. ಜೆರಾಕ್ಸು, ಲ್ಯಾಮಿನೇಷನ್ನು, ಬಸ್ಸು, ರೈಲು, ವಿಮಾನ ಎಲ್ಲದರ ಟಿಕೆಟ್ಟು. ಕಾಕಾ ದಿನಾ ಗಿಣಿಗೇರಾದಿಂದ ಬರುತ್ತಿದ್ದರು. ಮೊದಲ ಸಲ ವಿಮಾನ ಹತ್ತುವವರಿಗೆ, “ಕಿಟಕಿ ತಗಿಯಾಕ ಬರೂದಿಲ್ರಿ, ಎಲಿ ಅಡಕಿ ಇಲ್ಲೇ ಉಗುಳಿ ಹೋಗ್ರಿ” ಎಂದು ನಗಿಸುತ್ತಿದ್ದರು. ಹೆಸರಿನ ವಿಷಯದಲ್ಲಿ ಮಾತ್ರ ನಗೆ ಇಲ್ಲ. ಹೆಸರನ್ನು ಹಾಳೆಯ ಮೇಲೆ ಬರೆದು, ಗಿರಾಕಿಯಿಂದಲೇ ಜೋರಾಗಿ ಓದಿಸಿ, ಆಧಾರ್ ಕಾರ್ಡಿನ ಪಕ್ಕ ಇಟ್ಟು ನೋಡಿದ ಮೇಲೆಯೇ ಗುಂಡಿ ಒತ್ತುತ್ತಿದ್ದರು. ಆ ಶಿಸ್ತನ್ನು ಅವರು ಮುರಿದದ್ದು ಒಂದೇ ಸಲ ಇರಬೇಕು. ಮುರಿಸಿದವನು ನಾನು.

ಆರೇಳು ವರ್ಷದ ಹಿಂದಿನ ಮಾತು. ಅವ್ವನಿಗೆ ಬೆಳಗ್ಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದ್ದೆವು. ಡಾಕ್ಟರರು ನನ್ನನ್ನು ಬಾಗಿಲ ಆಚೆ ಕರೆದು, “ಯಾರನ್ನರ ಕರಸೂದಿದ್ರ ಇವತ್ತ ಕರಸ್ರಿ” ಅಂದರು. ಕರೆಸಬೇಕಾದವಳು ಒಬ್ಬಳೇ ತಂಗಿ, ಅವಳು ಇದ್ದದ್ದು ಜಮ್ಮುವಿನಲ್ಲಿ. ಗಂಡ ಸೈನ್ಯದವನು, ಗಡಿಗೆ ಹೋಗಿದ್ದ, ಫೋನಿಗೆ ಸಿಗುತ್ತಿರಲಿಲ್ಲ. ಅವಳಿಗೆ ಅಳು ಬಿಟ್ಟು ಬೇರೇನೂ ತೋಚುತ್ತಿರಲಿಲ್ಲ. ಟಿಕೆಟ್ಟು ನಾನೇ ತೆಗೆಯಬೇಕಾಯಿತು. ಫೋನಿನಲ್ಲಿ ಎರಡು ಸಲ ಪ್ರಯತ್ನಿಸಿದೆ. ಒಟಿಪಿ ಬರುವಷ್ಟರಲ್ಲಿ ಕನ್ನಡಕ ಕೆಳಗೆ ಬಿದ್ದು, ಸಮಯ ಮೀರುತ್ತಿತ್ತು. ಕಾಕಾನ ಅಂಗಡಿಗೆ ಓಡಿದೆ.

ಮಧ್ಯಾಹ್ನ ಎರಡಕ್ಕೆ ಜಮ್ಮು ಬಿಟ್ಟು, ದೆಹಲಿಯಲ್ಲಿ ಬದಲಿಸಿ, ಹೈದರಾಬಾದಿಗೆ ಬರುವ ವಿಮಾನ ಒಂದಿತ್ತು. ಅಲ್ಲಿಂದ ಕಾರು ಹಿಡಿದರೆ ಮರುದಿನ ಬೆಳಕು ಹರಿಯುವ ಹೊತ್ತಿಗೆ ಕೊಪ್ಪಳ. ಉಳಿದದ್ದು ಎರಡೇ ಸೀಟು.

“ತಂಗ್ಯಾರ ಆಧಾರ್ ಫೋಟೋ ತರಿಸ್ರಿ ಸಾಹೇಬ್ರ.”

“ಅಕಿ ಫೋನ್ ಎತ್ತವಲ್ಲಳು ಕಾಕಾ. ಸವಿತಾ ಅಂತ ಹೊಡೀರಿ, ಅಪ್ಪನ ಹೆಸರು ಹಚ್ಚರಿ.”

“ಮದುವಿ ಆದ ಹೆಣ್ಮಕ್ಕಳ ಟಿಕೆಟ್ ನಾ ಹಂಗ ತಗಿಯೂದಿಲ್ರಿ. ಐದ ನಿಮಿಷ ತಡೀರಿ.”

“ನನ್ನ ತಂಗಿ ಹೆಸರು ನನಗ ಗೊತ್ತಿಲ್ಲೇನ್ರಿ? ಅಕಿನ್ನ ತೊಟ್ಲಕ್ಕ ಹಾಕಿದಾಗ ಅಲ್ಲೇ ಇದ್ದಾಂವ ನಾನು!”

ಅವರು ಮತ್ತೊಮ್ಮೆ ಕೇಳಿದರು. ಮಗದೊಮ್ಮೆ ಕೇಳಿದರು. ಅಷ್ಟರಲ್ಲಿ ಒಂದು ಸೀಟು ಹೋಯಿತು. ನಾನು ಮೇಜು ಗುದ್ದಿದೆ. “ನಮ್ಮವ್ವಗ ಏನರ ಆದ್ರ ನೀವ ಹೊಣಿ ನೋಡ್ರಿ” ಅಂದೆ. ಕಾಕಾ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಗುಂಡಿ ಒತ್ತಿದರು.

ನಮ್ಮ ಕಡೆ ಮದುವೆಯ ದಿನ ಹುಡುಗಿಗೆ ಹೊಸ ಹೆಸರಿಡುತ್ತಾರೆ. ತಾಟಿನಲ್ಲಿ ಅಕ್ಕಿ ಹರವಿ, ಗಂಡು ಉಂಗುರದಿಂದ ಅದರ ಮೇಲೆ ಬರೆಯುತ್ತಾನೆ. ಕುಕನೂರಿನಲ್ಲಿ ತಂಗಿಯ ಮದುವೆಯಾದಾಗ ಆ ತಾಟು ಹಿಡಿದು ನಿಂತವನು ನಾನೇ. ಅಕ್ಕಿ ಚೆಲ್ಲಿ ಅಪಶಕುನವಾದೀತೆಂದು ಉಸಿರು ಬಿಗಿಹಿಡಿದಿದ್ದೆ. ಒಂದು ಕಾಳೂ ಚೆಲ್ಲಲಿಲ್ಲ. ಅವತ್ತಿನಿಂದ ಅವಳು ಕಾಗದಪತ್ರಗಳಲ್ಲೆಲ್ಲ ವಿಜಯಲಕ್ಷ್ಮಿ. ನಮ್ಮ ಮನೆಯಲ್ಲಿ ಒಬ್ಬರೂ ಆ ಹೆಸರಿನಿಂದ ಅವಳನ್ನು ಕರೆದವರಲ್ಲ. ನಾನು ಕಂದಾಯ ಇಲಾಖೆಯ ಗುಮಾಸ್ತ. ಪಹಣಿಯಲ್ಲೊಂದು ಹೆಸರು, ಆಧಾರ್ ಕಾರ್ಡಿನಲ್ಲೊಂದು ಹೆಸರು ಇದ್ದರೆ ಅರ್ಜಿ ವಾಪಸು ಕಳಿಸುವುದೇ ನನ್ನ ಕೆಲಸ. ವಿಮಾನ ಬಿದ್ದರೆ, ದೆಹಲಿಯಲ್ಲಿ ಮಂಜು ಕವಿದರೆ, ಕಾರಿನ ಡ್ರೈವರನಿಗೆ ನಿದ್ದೆ ಬಂದರೆ ಎಂದೆಲ್ಲ ಚಿಂತಿಸಿದವನಿಗೆ ಇದೊಂದು ಹೊಳೆಯಲಿಲ್ಲ.

ತಂಗಿಗೂ ಹೊಳೆಯಲಿಲ್ಲ. ಟಿಕೆಟ್ಟಿನಲ್ಲಿ ತನ್ನದೇ ಹೆಸರು ನೋಡಿದರೆ ಯಾರಿಗೆ ತಾನೆ ಅನುಮಾನ ಬರುತ್ತದೆ? ವಿಮಾನ ನಿಲ್ದಾಣದ ಬಾಗಿಲಲ್ಲಿ ಅವಳನ್ನು ತಡೆದರು. ಹೆಸರು ಪೂರ್ತಿ ಬೇರೆ, ತಿದ್ದಲು ಬರುವುದಿಲ್ಲ ಅಂದರು. ಕಾಕಾ ಮತ್ತೆ ಟಿಕೆಟ್ಟು ತೆಗೆದುಕೊಟ್ಟರು, ಆದರೆ ಅದು ಮರುದಿನದ್ದು.

ಮರುದಿನ ಬೆಳಗ್ಗೆ ಅವ್ವ ಕಣ್ಣು ಬಿಟ್ಟಳು. ಎರಡು ತಾಸು ಚೆನ್ನಾಗಿ ಎಚ್ಚರವಿದ್ದಳು. “ಸವಿತಾ ಬಂದ್ಲೇನೋ?” ಅಂದಳು. “ಬರಾಕತ್ಯಾಳ” ಅಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದಳು... ಆಮೇಲೆ ಕೇಳಲಿಲ್ಲ. ಅವ್ವ ಹೋದಾಗ ತಂಗಿ ಆಕಾಶದಲ್ಲಿದ್ದಳು.

ಅವಳು ಬರುವ ತನಕ ಮಣ್ಣು ಮಾಡದೆ ಕಾದೆವು. ತಂಗಿ ಬಂದು ಅವ್ವನ ಕಾಲ ಮೇಲೆ ಬಿದ್ದಳು. ನೆರೆದ ಮಂದಿಯ ನಡುವೆ ಸೋದರತ್ತೆ ನನ್ನನ್ನೇ ನೋಡಿ, “ಇಷ್ಟ ಓದಿದಾಂವ ಅದಾನ, ತಂಗಿಗೆ ಒಂದ ಟಿಕೀಟ ನೆಟ್ಟಗ ತಗಸಾಕ ಆಗಲಿಲ್ಲೇನ ಇವಗ?” ಅಂದಳು. ಹಿಂದಿನಿಂದ ಕಾಕಾನ ದನಿ ಬಂತು. ಅವರು ಬಂದದ್ದೇ ನನಗೆ ಗೊತ್ತಿರಲಿಲ್ಲ.

“ಸಾಹೇಬ್ರದೇನೂ ತಪ್ಪಿಲ್ರಿ ಯವ್ವಾ. ಹೆಸರು ಹೊಡಿಯೂದ್ರಾಗ ನಂದ ತಪ್ಪಾತ್ರಿ.”

ತಂಗಿ ತಲೆಯೆತ್ತಿ ಅವರನ್ನು ನೋಡಿದ ನೋಟ ಇವತ್ತಿಗೂ ನನ್ನ ಕಣ್ಣ ಮುಂದಿದೆ. ನಾನು ಬಾಯಿ ತೆರೆಯಬಹುದಿತ್ತು. ನೆಲ ನೋಡಿದೆ. ಅವತ್ತಿನಿಂದ ಅವರ ಅಂಗಡಿ ತಪ್ಪಿಸಿ, ಸುತ್ತು ಹೊಡೆದು ಆಫೀಸಿಗೆ ಹೋಗತೊಡಗಿದೆ. ಒಂದು ದಿನ ಅಂಗಡಿ ಮುಚ್ಚಿದೆ ಎಂದು ತಿಳಿದಾಗ ಹಗುರಾಯಿತು ಎನ್ನಲು ನಾಚಿಕೆಯಾಗುತ್ತದೆ. ಆಗಿದ್ದು ಮಾತ್ರ ನಿಜ.

ಮೊನ್ನೆ ಲ್ಯಾಮಿನೇಷನ್ ಮಾಡುವವರನ್ನು, ಟಿಕೆಟ್ ಕಾಕಾ ಈಗ ಎಲ್ಲಿದ್ದಾರೆ ಎಂದು ಕೇಳಿದೆ. “ಅವರಾ? ತೀರಿಕೊಂಡು ಮೂರ ತಿಂಗಳಾತಲ್ರಿ” ಅಂದರು.

ಮನೆಗೆ ಬಂದು ತಂಗಿಗೆ ಫೋನು ಹಚ್ಚಿದೆ. ಇವತ್ತು ಹೇಳಿಯೇ ಬಿಡುವುದು ಎಂದುಕೊಂಡಿದ್ದೆ. ಕಾಕಾ ಹೋದ ಸುದ್ದಿ ತಿಳಿಸಿದೆ.

“ಪಾಪ,” ಅಂದಳು. “ಆದ್ರೂ ಅಣ್ಣಾ, ಅಂವ ಆವತ್ತ ಆಧಾರ್ ಒಂದ ಕೇಳಿದ್ದರ, ಅವ್ವನ ಜೀವಂತ ಮಾರಿ ನೋಡ್ತಿದ್ದೆ ನೋಡು.”

ಕೇಳಿದ್ದರು. ಮೂರು ಸಲ ಕೇಳಿದ್ದರು.

“ಹೂಂನವ್ವಾ,” ಅಂದೆ.