ಅತೀಕ್ ಸಾಹೇಬರ ಬಾಲಶಾಸ್ತ್ರ

ಎರಡು ಸಾವಿರದ ಆರರಲ್ಲಿ ಮುಳಬಾಗಿಲಿನ ಬಸ್ ನಿಲ್ದಾಣದೆದುರು ವೆಬ್‌ಸೈಟ್ ಕಟ್ಟಿಕೊಡುತ್ತಿದ್ದ ಅತೀಕ್ ಸಾಹೇಬರಿಗೆ, ಪುಟದ ಹೆಸರಿನ ಕೊನೆಯಲ್ಲಿ ಚುಕ್ಕಿಯಾದ ಮೇಲೆ ಬರುವ ಮೂರು ನಾಲ್ಕು ಅಕ್ಷರಗಳೇ ಸರ್ವಸ್ವ. ಅದಕ್ಕವರು ಬಾಲ ಎನ್ನುತ್ತಿದ್ದರು. ನಂಗಲಿಯ ಲಾರಿ ಮಾಲೀಕರು ಬರಲಿ, ಊರ ಪುರೋಹಿತರು ಬರಲಿ, ಕೂರುವ ಮುಂಚೆಯೇ, "ಬಾಲ ಎಚ್‌ಟಿಎಂಎಲ್ ಇಡಿ ಸಾರ್, ಸರ್ಚ್ ಮಾಡಿದ್ರೆ ನೀವೇ ಫಸ್ಟು," ಎನ್ನುವರು. ಪಿಎಚ್‌ಪಿ ಬಾಲ ಬೇಕೆಂದವರಿಗೆ ಚಹಾ ಕೂಡ ತರಿಸರು. ಮಾಲೂರಿನ ಇಟ್ಟಿಗೆ ಗೂಡಿನ ಪುಟಕ್ಕೆ ತಿಂಗಳಲ್ಲಿ ನಾಲ್ಕು ಸಲ ಬಾಲ ಬದಲಿಸಿದಾಗ ಹಳೆಯ ವಿಳಾಸಗಳೆಲ್ಲ ಕೆಟ್ಟು, ಅದು ಎಷ್ಟು ಹುಡುಕಿದರೂ ಸಿಗದಾಯಿತು. "ಬಾಲ ಇನ್ನೂ ಒಗ್ಗಿಲ್ಲ, ಅಷ್ಟೇ," ಎಂದು ಸಮಾಧಾನ ಹೇಳಿದರು. ಒಂದು ಮಧ್ಯಾಹ್ನ ಶ್ರೀನಿವಾಸಪುರದ ಮಾವಿನ ಉಪ್ಪಿನಕಾಯಿ ಎಂದು ಹುಡುಕಿದರೆ ಎಲ್ಲಕ್ಕಿಂತ ಮೇಲೆ ಬಂದದ್ದು ಪಿಎಚ್‌ಪಿ ಬಾಲದ ಪುಟ. ಬರೆದವಳು ಅವರದೇ ಹೆಂಡತಿ ಸಬಾ. ತಪ್ಪು ಹಿಡಿಯಲೆಂದೇ ತೆರೆದರು. ನೂರಾರು ಪುಟ ಕಟ್ಟಿದ್ದ ಸಾಹೇಬರು ಒಂದನ್ನೂ ಓದಿದವರಲ್ಲ. ಇದರಲ್ಲಿ, ತೀರಿಹೋದ ಅವರ ತಾಯಿ ಮುನ್ನೀ ಬೀ ಕಣ್ಣು ಹೋದ ಮೇಲೂ ಕಾಯಿಗಳನ್ನು ಮೂಸಿ ಮೂಸಿಯೇ ಆರಿಸುತ್ತಿದ್ದ ಬಗೆಯಿತ್ತು. ಅಷ್ಟರಲ್ಲಿ ಗಿರಾಕಿಯೊಬ್ಬ ಬಂದು, ಯಾವ ಬಾಲ ಒಳ್ಳೆಯದೆಂದು ಕೇಳಿದ. "ಸ್ವಲ್ಪ ಕೂತ್ಕೊಳ್ಳಿ ಸಾರ್," ಎಂದರು ಸಾಹೇಬರು, ತೆರೆಯಿಂದ ಕಣ್ಣು ಕೀಳದೆ, "ಓದ್ತಾ ಇದೀನಿ."