ಗಿಣಿ ಕೂತ ಕೈ

ಕೊಳ್ಳೇಗಾಲದ ನಮ್ಮ ಮನೆಯಲ್ಲಿ ಮಗ್ಗದ ಎದುರಿನ ಗೋಡೆಗೆ ಒಂದು ಕ್ಯಾಲೆಂಡರ್ ಹಾಳೆ ಅಂಟಿಸಿದೆ. ನಾವು ನೇಯ್ದು ಕೊಡುವ ಸೀರೆ ಅಂಗಡಿಯವರು ಹಂಚಿದ್ದು. ಆ ಕ್ಯಾಲೆಂಡರಿನ ತುಂಬ ಬ್ರಿಟಿಷರ ಕಾಲದ ಚಿತ್ರಗಳು: ಬೆಟ್ಟ, ಕೋಟೆ, ಹೊಳೆ, ಪಾಳುಗುಡಿ. ದೊರೆಗಳು ಊರೂರು ಸುತ್ತಿ ಬರೆದವಂತೆ. ಅದರಲ್ಲಿ ಯಳಂದೂರಿನ ಬಳೆ ಮಂಟಪದ ಹಾಳೆಯನ್ನು ಮಾತ್ರ ನನ್ನ ಯಜಮಾನರು ಕತ್ತರಿಸಿ ಇಟ್ಟುಕೊಂಡರು. ಆ ಚಿತ್ರವನ್ನು ಸೆರಗಿನಲ್ಲಿ ತರಬೇಕೆಂದು ಅಂಗಡಿಯವರೇ ಕೇಳಿದ್ದರು.

ಚಿತ್ರದಲ್ಲಿ ಮಂಟಪದ ಮೂಲೆಯಿಂದ ಕಲ್ಲಿನ ಬಳೆಗಳ ಸರಪಳಿ ಇಳಿಬಿದ್ದಿದೆ. ಮುಂದಿನ ಕಂಬದಲ್ಲಿ ಒಬ್ಬ ಹೆಂಗಸು, ಅವಳ ಎಡಗೈ ಮೇಲೆ ಗಿಣಿ. ಮೆಟ್ಟಿಲ ಬಳಿ ಮುಂಡಾಸಿನ ಗಂಡಸೊಬ್ಬ ಮಂಡಿ ಮಡಚಿ ಕೂತಿದ್ದಾನೆ. ಅವನಿಗೆ ಮುಖ ಬರೆದಿಲ್ಲ.

"ಇವ್ನು ನಮ್ಮೋನೇ ಕಣೆ," ಎಂದಿದ್ದರು ಯಜಮಾನರು. "ದೊರೆ ಬರೀತಾವ್ನೆ, ಇವ್ನು ಕೆಲ್ಸ ಬುಟ್ಟು ಕುಂತವ್ನೆ."

ಯಳಂದೂರು ಇಲ್ಲೇ ಇದೆ, ಬಸ್ಸು ಹತ್ತಿದರೆ ಸಾಕು. ಆದರೂ ನಾವು ಆ ಮಂಟಪ ನೋಡಿರಲಿಲ್ಲ. ಬಿಳಿಗಿರಿ ಬೆಟ್ಟಕ್ಕೆ ಹೋಗುವಾಗ ಆ ಊರಿನ ಮೇಲೆಯೇ ಹೋಗಿದ್ದೇವೆ, ಇಳಿದಿಲ್ಲ. ಈ ಸೀರೆ ಮುಗಿಯಲಿ ಹೋಗೋಣ ಎಂದಿದ್ದರು. ಸೆರಗನ್ನು ಒಂದು ಗೇಣು ನೇಯ್ದಿದ್ದರು. ಆಮೇಲೆ ಎದೆ ನೋವೆಂದು ಆಸ್ಪತ್ರೆಗೆ ಹೋದವರು ನಡೆದು ಬರಲಿಲ್ಲ.

ನಾನು ಅಳಲಿಲ್ಲ. ಬಂದವರಿಗೆಲ್ಲ ಕಾಫಿ ಕೊಟ್ಟೆ. ಸಕ್ಕರೆ ಹಾಕಿದ್ದೆನೋ ಇಲ್ಲವೋ ಗೊತ್ತಿಲ್ಲ, ಯಾರೂ ಹೇಳಲಿಲ್ಲ.

ತಿಥಿಯೆಲ್ಲ ಮುಗಿದ ಮೇಲೆ ಮೈದುನ ಬಂದು ಮಗ್ಗದ ಗುಂಡಿಗೆ ಇಳಿದು ಕೂತ. ಅವನೂ ನೇಕಾರನೇ, ಹಿಂದಿನ ಬೀದಿಯಲ್ಲಿ ಅವನ ಮನೆ. ಉಳಿದದ್ದನ್ನು ನೇಯ್ದು ಕೊಡುತ್ತೇನೆ ಎಂದಿದ್ದ. ನಮ್ಮ ಮಗ್ಗದಲ್ಲಿ ಸೀರೆಯ ಒಳಮೈ ಮೇಲಿರುತ್ತದೆ, ಮುಖ ನೆಲದ ಕಡೆ. ಅದನ್ನು ನೋಡಬೇಕಾದರೆ ಗುಂಡಿಯಲ್ಲಿ ಬಗ್ಗಿ ಕೆಳಗಿನಿಂದ ನೋಡಬೇಕು. ಆದ್ದರಿಂದ ಚಿತ್ರ ಇಳಿಸಿದ ಕಾಗದಕ್ಕೆ ಗೆರೆ ಹಿಂದಿನಿಂದಲೂ ಕಾಣಲೆಂದು ಕೊಬ್ಬರಿ ಎಣ್ಣೆ ಸವರಿ, ಅದರ ಬೆನ್ನು ನಮ್ಮ ಕಡೆ ಬರುವಂತೆ ಅಂಟಿಸಿಕೊಂಡು ನೇಯುತ್ತಾರೆ. ಆಗ ಮುಖದ ಕಡೆ ಚಿತ್ರ ಸರಿಯಾಗಿ ಬರುತ್ತದೆ. ಮೊದಲ ದಿನ ಕಲಿಯುವ ಪಾಠ ಇದು.

ಮೈದುನ ಬಗ್ಗಿ ಕೆಳಗಿನಿಂದ ನೋಡಿದ.

"ಅತ್ಗೆ, ಗಿಣಿ ಬಲ್ಗೈ ಮೇಲೆ ಕುಂತದೆ," ಎಂದ. "ಅಣ್ಣ ಕಾಗ್ದ ತಿರುಗ್ಸದೆ ಅಂಟ್ಸವ್ನೆ."

ಹೌದು, ಕಾಗದ ಹಾಗೇ ಇತ್ತು. ಜೀವಮಾನವೆಲ್ಲ ನೇಯ್ದವರು ಈ ತಪ್ಪು ಮಾಡಬೇಕಾದರೆ ಆಗಲೇ ಎಷ್ಟು ಸುಸ್ತಾಗಿತ್ತೋ. ಪಕ್ಕದಲ್ಲೇ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದ ನನಗೂ ತಿಳಿಯಲಿಲ್ಲ.

ಅಂಗಡಿಯವರು ಕ್ಯಾಲೆಂಡರ್ ಪಕ್ಕದಲ್ಲಿಟ್ಟುಕೊಂಡು ನೋಡುತ್ತಾರೆ, ಇಷ್ಟನ್ನು ಕುಯ್ದು ತೆಗೆದು ಹೊಸದಾಗಿ ಶುರು ಮಾಡುವುದೇ ವಾಸಿ ಎಂದ ಮೈದುನ. ಅವನು ಹೇಳಿದ್ದು ಸರಿ. ಆದರೆ ಯಜಮಾನರು ಕೊನೆಗೆ ನೇಯ್ದದ್ದು ಅದೇ ಒಂದು ಗೇಣು. ಕುಯ್ದರೆ ಅದು ಚಿಂದಿ. ನಾಳೆ ಹೇಳುತ್ತೇನೆ ಎಂದೆ.

ಬೆಳಿಗ್ಗೆ ಹಾಳೆಯನ್ನು ಗೋಡೆಯಿಂದ ಬಿಡಿಸಿ ಚೀಲಕ್ಕೆ ಹಾಕಿಕೊಂಡು ಯಳಂದೂರಿನ ಬಸ್ಸು ಹತ್ತಿದೆ. ಕುಯ್ಯುವ ಮೊದಲು ಒಂದು ಸಲ ಅವರ ಪರವಾಗಿ ನೋಡಿ ಬರೋಣ ಎನ್ನಿಸಿತು.

ಮಂಟಪ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದು. ಸುತ್ತ ಮನೆ, ಅಂಗಡಿ, ತಂತಿ. ಚಿತ್ರದಲ್ಲಿ ಹಿಂದೆ ಬಂಡೆಯೂ ತೆಂಗಿನ ಮರಗಳೂ ಇವೆ. ಇಲ್ಲಿ ಬಂಡೆ ಎಲ್ಲಿಯೂ ಕಾಣಲಿಲ್ಲ. ನೆರಳಲ್ಲಿ ಹೂ ಕಟ್ಟುತ್ತಿದ್ದ ಮುದುಕಿಯೊಬ್ಬಳು ನನ್ನನ್ನೇ ನೋಡುತ್ತಿದ್ದಳು. ಕೊನೆಗೆ ಹಾಳೆ ಇಸಿದುಕೊಂಡು ದೂರ ಹಿಡಿದು ನೋಡಿದಳು.

"ಬಂಡೆ ಎಲ್ಲಿಂದ ಹೊತ್ಕಬಂದ ಇದ್ನ ಬರ್ದೋನು? ಕುಡ್ದಿದ್ದ ಅಂತ ಕಾಣ್ತದೆ ಕಣವ್ವ."

ಕಂಬದ ಹೆಂಗಸಿನ ಮೂಗು ಸವೆದಿತ್ತು. ಗಿಣಿ ಚೆನ್ನಾಗಿಯೇ ಇತ್ತು. ಅದು ಕೂತಿದ್ದದ್ದು ಬಲಗೈ ಮೇಲೆ.

ನಾನು ಆ ಹೆಂಗಸಿನ ಹಾಗೆ ಕೈ ಎತ್ತಿ ನೋಡಿಕೊಂಡೆ, ಆಮೇಲೆ ಹಾಳೆ ನೋಡಿದೆ. ಸರಪಳಿಯೂ ಆಚೆ ಬದಿಯದು ಈಚೆಗೆ ಬಂದಿತ್ತು. ಹಾಳೆಯನ್ನು ಬಿಸಿಲಿಗೆ ಹಿಡಿದು ಹಿಂದಿನಿಂದ ನೋಡಿದರೆ ಎಲ್ಲ ಸರಿಯಾಗಿತ್ತು. ಆಗಿನ ಕಾಲದಲ್ಲಿ ತಗಡಿನ ಮೇಲೆ ಗೀರಿ ಅಚ್ಚು ಒತ್ತುವಾಗ ಎಡ ಬಲ ಅದಲುಬದಲಾಗುವುದಿತ್ತು ಎಂದು ಆಮೇಲೆ ನಮ್ಮ ಬೀದಿಯ ಡ್ರಾಯಿಂಗ್ ಮೇಷ್ಟ್ರು ಹೇಳಿದರು. ಅಲ್ಲಿ ನಿಂತಾಗ ನನಗೆ ತಿಳಿದದ್ದು ಇಷ್ಟೇ: ಅಚ್ಚಿನಲ್ಲಿ ತಿರುಗಿಹೋದದ್ದು ನಮ್ಮ ಮಗ್ಗದಲ್ಲಿ ಮತ್ತೆ ತಿರುಗಿ, ಕಲ್ಲಿನಲ್ಲಿ ಇದ್ದ ಹಾಗೆ ಬಂದಿದೆ. ಯಜಮಾನರಿಗೆ ಇದು ಗೊತ್ತಿರಲಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ.

ಸಂತೋಷವೇನೂ ಆಗಲಿಲ್ಲ. ಮೆಟ್ಟಿಲ ಬಳಿ, ಆ ಮುಂಡಾಸಿನವನು ಕೂತಿದ್ದ ಜಾಗ ಇದೇ ಇರಬೇಕು ಅನ್ನಿಸಿದ ಕಡೆ ಕೂತೆ. ಕಲ್ಲು ಕಾದಿತ್ತು. ಮುದುಕಿ ಒಂದು ಮೊಳ ಹೂ ಚಾಚಿದಳು, ನನ್ನ ಹಣೆ ನೋಡಿ ಹಿಂದಕ್ಕೆ ತೆಗೆದುಕೊಂಡಳು. ಇಬ್ಬರೂ ಏನೂ ಆಗದವರಂತೆ ಬೇರೆ ಕಡೆ ನೋಡಿದೆವು. ಮುಂದಿನ ಬಸ್ಸಿಗೆ ಹೊರಟೆ.

ಸಂಜೆ ಮೈದುನ ಕತ್ತರಿ ತಂದಿದ್ದ. ನಾನು ಕಂಡದ್ದನ್ನು ಹೇಳಿದೆ. ಅವನು ಕ್ಯಾಲೆಂಡರ್ ಹಾಳೆಯನ್ನು ದೀಪಕ್ಕೆ ಹಿಡಿದ, ಮಗ್ಗದ ಕೆಳಗೆ ಬಗ್ಗಿ ನೋಡಿದ, ಮತ್ತೆ ಹಾಳೆ ನೋಡಿದ.

"ಅಂಗ್ಡಿಯೋರು ಒಪ್ದಿದ್ರೆ?"

"ಯಳಂದೂರ್ಗೆ ಓಗಿ ನೋಡ್ಕಂಡು ಬರ್ಲಿ," ಎಂದೆ. "ನೀನು ಕುಯ್ಬೇಡಪ್ಪ. ನಿಮ್ಮಣ್ಣ ಅಂಟ್ಸಿದಂಗೇ ಇರ್ಲಿ."

ಅವನು ಕತ್ತರಿಯನ್ನು ಕಿಟಕಿಯಲ್ಲಿಟ್ಟು ಗುಂಡಿಗೆ ಇಳಿದ. ಕಾಗದವನ್ನು ತಿರುಗಿಸಲಿಲ್ಲ. ಅಣ್ಣ ನಿಲ್ಲಿಸಿದ ಎಳೆ ಯಾವುದೆಂದು ಬೆರಳಲ್ಲಿ ಹುಡುಕತೊಡಗಿದ. ನಾನು ರಾಟೆ ಎಳೆದುಕೊಂಡು ಕಂಡಿಕೆ ಸುತ್ತಲು ಕೂತೆ.